ಏಳನೇ ಕುಳಿಯಲ್ಲೇ ನಿಂತುಬಿಟ್ಟ ಬೋಜಮ್ಮ

ಕೊಡಗಿನ ಬೋಜಮ್ಮ ಗಾಲ್ಫ್ ಆಟಗಾರ್ತಿ. ಹದಿನೆಂಟು ಕುಳಿಗಳಿಗೆ ಚೆಂಡು ಸೇರಿಸಬೇಕು. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರೇ ಗೆದ್ದಂತೆ. ಆಟ ಇಷ್ಟೇ. ಆದರೆ ಇದಕ್ಕಾಗಿ ಅವಳು ಒಂಬತ್ತು ವರ್ಷ ಬೆಳಗಿನ ನಿದ್ದೆ ಬಿಟ್ಟಿದ್ದಳು.

ಆ ವರ್ಷ ಮೈಸೂರಿನಲ್ಲಿ ಮೂರು ದಿನಗಳ ಪಂದ್ಯಾವಳಿ. ಮೊದಲ ಮೂವರಿಗೆ ರಾಜ್ಯ ತಂಡದಲ್ಲಿ ಜಾಗ. ಎರಡು ದಿನ ಮುಗಿದಾಗ ಬೋಜಮ್ಮನೇ ಮುಂದು, ಅದೂ ನಾಲ್ಕು ಹೊಡೆತಗಳಿಂದ. ಸುದ್ದಿ ಕೇಳಿ ಅಮ್ಮ, ಚಿಕ್ಕಪ್ಪ, ನೆಂಟರೆಲ್ಲ ಜೀಪು ಮಾಡಿಕೊಂಡು ಬಂದರು.

ಮೂರನೇ ದಿನ ಏಳನೇ ಕುಳಿಯಲ್ಲಿ ಚೆಂಡು ಕೊಳಕ್ಕೆ ಬಿತ್ತು. ಮತ್ತೊಂದು ಹೊಡೆದಳು, ಅದೂ ಕೊಳಕ್ಕೇ. ನಾಲ್ಕು ಹೊಡೆತದಲ್ಲಿ ಮುಗಿಯಬೇಕಾದದ್ದಕ್ಕೆ ಒಂಬತ್ತು ಬೇಕಾಯಿತು. ಸಂಜೆ ಫಲಕ ನೋಡಿದರೆ ಅವಳ ಹೆಸರು ಹನ್ನೊಂದನೆಯದು. ಮನೆಗೆ ಮರಳುವಾಗ ಜೀಪಿನಲ್ಲಿ ಎಲ್ಲರೂ ಆಟದ ಸುದ್ದಿ ಬಿಟ್ಟು ಕಾಫಿ ಬೆಲೆಯ ಮಾತಾಡಿದರು. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಒಂದು ವಾರ ಅವಳು ಮನೆ ಬಿಟ್ಟು ಹೊರಬರಲಿಲ್ಲ. ಆಮೇಲೊಂದು ದಿನ ಗಾಲ್ಫ್ ಚೀಲ ಹೊತ್ತುಕೊಂಡು ಗುರು ಉತ್ತಯ್ಯನವರ ಮನೆಗೆ ಹೋದಳು. ಸೈನ್ಯದಿಂದ ನಿವೃತ್ತರಾಗಿ ಬಂದು ಅವಳಿಗೆ ಆಟ ಕಲಿಸಿದವರು ಅವರು. ಜಗಲಿಯಲ್ಲಿ ಕೂತು ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡಿದ್ದರು.

“ಇದನ್ನು ಯಾರಿಗಾದರೂ ಕೊಟ್ಟುಬಿಡಿ ಸರ್. ಆ ಕೊಳ ನನ್ನ ಆಟ ಮುಗಿಸಿತು.”

“ಕೊಡೋಣ. ಮೊದಲು ಆ ದಿನದ ಆಟ ಹೇಳು. ನಾನು ಬಂದಿರಲಿಲ್ಲವಲ್ಲ.”

ಬೋಜಮ್ಮ ಹೇಳತೊಡಗಿದಳು. ಗಾಳಿ ಯಾವ ಕಡೆಗಿತ್ತು, ಯಾವ ಕೋಲು ಹಿಡಿದಳು, ಚೆಂಡು ಎಲ್ಲಿ ಬಿತ್ತು, ಒಂದನ್ನೂ ಬಿಡಲಿಲ್ಲ. ಏಳನೆಯದರ ಒಂಬತ್ತೂ ಹೊಡೆತಗಳನ್ನು ಬೆರಳು ಮಡಚಿ ಎಣಿಸಿದಳು.

“ಎಂಟನೆಯದು?”

“ಐದು ಹೊಡೆತ. ಹೇಗೆ ಹೊಡೆದೆನೋ ನೆನಪಿಲ್ಲ.”

“ಹನ್ನೆರಡನೆಯದು?”

“ಅದೂ ನೆನಪಿಲ್ಲ ಸರ್.”

ಉತ್ತಯ್ಯ ಕೈ ಒರೆಸಿಕೊಂಡು ಅವಳ ಚೀಲದಲ್ಲಿದ್ದ ಅಂಕದ ಚೀಟಿ ತೆಗೆದರು.

“ಕೊಳ ಕಿತ್ತುಕೊಂಡದ್ದು ಐದು ಹೊಡೆತ. ಪಂದ್ಯ ನಡೆಸಿದವರನ್ನು ಕೇಳಿದೆ, ಆಗಲೂ ನೀನು ಎರಡನೇ ಸ್ಥಾನದಲ್ಲೇ ಇದ್ದೆಯಂತೆ. ಉಳಿದ ಹನ್ನೊಂದು ಕುಳಿಗಳಲ್ಲಿ ಇನ್ನೂ ಒಂಬತ್ತು ಹೊಡೆತ ಹೆಚ್ಚಿಗೆ ಹೋಗಿವೆ. ಅಲ್ಲಿ ಕೊಳ ಇರಲಿಲ್ಲ ಬೋಜಿ. ನೀನೂ ಇರಲಿಲ್ಲ. ನೀನು ಏಳನೆಯದರಲ್ಲೇ ನಿಂತುಬಿಟ್ಟಿದ್ದೆ.”

ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಕೊನೆಗೆ, ಯಾಕೋ ಮನಸ್ಸು ಹಗುರವೂ ಆಯಿತು. ಕೊಳವನ್ನು ಅವಳೇನೂ ಮುಚ್ಚಿಸಲಾರಳು. ಆ ಹನ್ನೊಂದು ಕುಳಿಗಳು ಮಾತ್ರ ಅವಳ ಕೈಯಲ್ಲೇ ಇದ್ದವು. ಚೀಲವನ್ನು ಕೊಡದೆ ವಾಪಸು ತಂದಳು.

ಮರುವರ್ಷ ಅದೇ ಪಂದ್ಯಾವಳಿ. ಕೊನೆಯ ದಿನ ಮೂರನೇ ಕುಳಿಯಲ್ಲೇ ಚೆಂಡು ಮರಳಿನಲ್ಲಿ ಹೂತುಹೋಯಿತು. ನಾಲ್ಕರಲ್ಲಿ ಮುಗಿಯಬೇಕಾದದ್ದಕ್ಕೆ ಏಳು ಹೊಡೆತ. ಕಣ್ಣು ತುಂಬಿತು. ಬೋಜಮ್ಮ ನಿಂತು ನೀರು ಕುಡಿದಳು. ಜೊತೆಗೆ ಆಡುತ್ತಿದ್ದ ಧಾರವಾಡದ ಶಾಂಭವಿಯನ್ನು ಕೇಳಿದಳು:

“ನಿಮ್ಮ ಕಡೆ ಮಳೆ ಶುರುವಾಯಿತಾ?”

“ಎಲ್ಲಿ ಬಂತ್ರೀ, ಬರೇ ಧಗಿ ಐತಿ.”

ಮಳೆಯ ಮಾತಾಡುತ್ತಲೇ ಇಬ್ಬರೂ ನಾಲ್ಕನೆಯದರತ್ತ ನಡೆದರು. ಅಲ್ಲಿ ಕೋಲು ಎತ್ತುವಾಗ ಬೋಜಮ್ಮನ ಕಣ್ಣು ದೂರದ ಬಾವುಟದ ಮೇಲಿತ್ತು.

ಅವಳು ಗೆಲ್ಲಲಿಲ್ಲ. ಒಂದೇ ಒಂದು ಹೊಡೆತದಿಂದ ಮೂರನೇ ಸ್ಥಾನ ತಪ್ಪಿ ನಾಲ್ಕನೆಯವಳಾದಳು. ಬೇಸರವಾಯಿತು, ಅತ್ತಳು ಕೂಡ. ವಾರದೊಳಗೆ ಮೀಸಲು ಆಟಗಾರ್ತಿಯಾಗಿ ತಂಡ ಸೇರಲು ಕರೆ ಬಂತು. ತಂಡದ ಕೋಟು ಹೆಗಲಲ್ಲಿ ಸ್ವಲ್ಪ ದೊಡ್ಡದಿತ್ತು. ಹಿಡಿಸಿ ಹೊಲಿಸಿಕೊಡುತ್ತೇನೆ ಎಂದಳು ಅಮ್ಮ.

“ಬೇಡಮ್ಮ, ಬಿಗಿಯಾದರೆ ಕೋಲು ಬೀಸೋಕೆ ಆಗಲ್ಲ” ಎನ್ನುತ್ತ ಬೋಜಮ್ಮ ಅದನ್ನು ತೊಟ್ಟುಕೊಂಡೇ ಅಭ್ಯಾಸಕ್ಕೆ ಹೊರಟಳು.

ನೀತಿ: ಎಡವಿದ್ದಕ್ಕೆ ಅಳುವುದು ತಪ್ಪಲ್ಲ. ಆದರೆ ಎಡವಿದ ಜಾಗದಲ್ಲೇ ಮನಸ್ಸನ್ನು ಬಿಟ್ಟು ಮುಂದೆ ಹೋದರೆ, ಇನ್ನೂ ನಮ್ಮ ಕೈಯಲ್ಲಿರುವುದನ್ನೂ ಕಳೆದುಕೊಳ್ಳುತ್ತೇವೆ.