ಹರಿಗೋಲಿನವರ ಮಗಳು ಕಟ್ಟಿದ ಸೇತುವೆ

“ಗುರುಗಳೇ, ಓದಿ ಪದವಿ ಪಡೆದವರ ಸಾಧನೆಯಲ್ಲಿ ಯಾವುದನ್ನು ದೊಡ್ಡದೆನ್ನಬೇಕು? ಅವರು ಏರಿದ ಹುದ್ದೆಯನ್ನೋ, ತಮ್ಮ ಜನಕ್ಕೆ ಮಾಡಿದ್ದನ್ನೋ?”

ಕೇಳಿದವನು ಬಸಲಿಂಗ. ಮಠದ ಪ್ರಸಾದನಿಲಯದಲ್ಲಿ ಇದ್ದುಕೊಂಡು ಮಠದ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದ. ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳ ಸನ್ಮಾನ ನಡೆಯುವುದಿತ್ತು. ಬಂದವರನ್ನು ಸಭೆಗೆ ಪರಿಚಯಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಯಾರ ಬಗ್ಗೆ ಯಾವ ಮಾತನ್ನು ಮೊದಲು ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ.

ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತಿದ್ದರು. “ಕೂತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಹರಿಗೋಲು ನಡೆಸುವವರ ಓಣಿ. ಆಚೆ ದಡದಲ್ಲಿ ಆಸ್ಪತ್ರೆ, ಹೈಸ್ಕೂಲು, ಸಂತೆ. ಈಚೆಯವರು ಆಚೆಗೆ ಹೋಗಬೇಕಾದರೆ ಹರಿಗೋಲು ಹತ್ತಬೇಕು. ಓಣಿಯ ಜನ ತಲೆತಲಾಂತರದಿಂದ ಅದೇ ಕೆಲಸ ಮಾಡಿಕೊಂಡು ಬಂದವರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲು ಬಿಡುತ್ತಿರಲಿಲ್ಲ. ಆಗ ಈಚೆಯವರು ಈಚೆಗೆ, ಆಚೆಯವರು ಆಚೆಗೆ.

ಆ ಓಣಿಯಲ್ಲಿ ಯಂಕೋಬ ಎಂಬ ಅಂಬಿಗನಿದ್ದ. ಅವನಿಗೆ ಒಬ್ಬಳೇ ಮಗಳು, ಹುಲಿಗೆಮ್ಮ. ಲೆಕ್ಕದಲ್ಲಿ ಜಾಣೆ. ಹೈಸ್ಕೂಲು ಮುಗಿಸಿದಳು, ಮುಂದೆ ಎಂಜಿನಿಯರಿಂಗ್ ಓದಿದಳು. ಆ ಓಣಿಯಲ್ಲಿ ಪದವಿ ಪಡೆದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಅವಳಿಗೆ ಸೇತುವೆ ಕಟ್ಟಿಸುವ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ದೂರದ ಜಿಲ್ಲೆಗಳಲ್ಲಿ ಸೇತುವೆ ಕಟ್ಟಿಸಿದಳು. ಕಟ್ಟಿಸಿದ್ದೆಲ್ಲ ಗಟ್ಟಿಯಾಗಿ ನಿಂತಿತು. ಇಲಾಖೆಯಲ್ಲಿ ಅವಳ ಹೆಸರು ಬೆಳೆಯಿತು. ಓದಿದ ಕಾಲೇಜು ಅವಳನ್ನು ಕರೆದು ಶಾಲು ಹೊದಿಸಿತು. ಓಣಿಯ ಜನ ಆ ಸಮಾರಂಭದ ಫೋಟೊ ತರಿಸಿ, ಕಟ್ಟು ಹಾಕಿಸಿ, ತಮ್ಮ ಸಮುದಾಯ ಭವನದ ಗೋಡೆಗೆ ಏರಿಸಿದರು. ಹಬ್ಬ ಹುಣ್ಣಿಮೆಗೆ ಅದರ ಗಾಜು ಒರೆಸಿ ಹೊಳಪು ಮಾಡುತ್ತಿದ್ದರು. “ನಮ್ಮ ಹುಲಿಗಿ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಹೀಗಿರುವಾಗ ಸರಕಾರ ಅದೇ ಹೊಳೆಗೆ ಒಂದು ಸೇತುವೆ ಮಂಜೂರು ಮಾಡಿತು. ಜಾಗ ಗೊತ್ತುಮಾಡಿ ವರದಿ ಕೊಡಲು ಇಲಾಖೆ ಹುಲಿಗೆಮ್ಮನನ್ನೇ ಕಳಿಸಿತು. ಆ ಹೊಳೆ ಅವಳಿಗೆ ಗೊತ್ತು ಎಂಬುದೇ ಅದಕ್ಕೆ ಕಾರಣ.

ಅವಳು ಹೊಳೆಯ ಉದ್ದಕ್ಕೂ ನೆಲ ಕೊರೆಸಿ ನೋಡಿದಳು. ಹರಿಗೋಲು ಕಟ್ಟುವ ದಡದ ಹತ್ತಿರ, ಕಂಬ ಊರಲು ಬೇಕಾದ ಬಂಡೆ ಹೆಚ್ಚು ಆಳವಿಲ್ಲದೆ ಸಿಕ್ಕಿತು. ಅದನ್ನು ಬಿಟ್ಟರೆ ಬಲು ದೂರದವರೆಗೆ ಬರೀ ಉಸುಕು. ಸೇತುವೆಗೆ ಸರಿಯಾದ ಜಾಗ ಒಂದೇ. ಅದು ಅವಳ ಅಪ್ಪ ಹರಿಗೋಲು ಕಟ್ಟುವ ಜಾಗ.

ಸುದ್ದಿ ಓಣಿಗೆ ಮುಟ್ಟಿತು. ಹಿರಿಯರು ಯಂಕೋಬನ ಮನೆಗೆ ಬಂದರು. ಮುಂದೆ ನಿಂತವನು ಹುಲಿಗೆಮ್ಮನ ಸೋದರಮಾವ ಗಾದಿಲಿಂಗ. ಅವಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು.

“ಯವ್ವಾ, ನಮ್ಮ ಅನ್ನ ನಿನ್ನ ಕೈಯಾಗ ಐತಿ” ಎಂದ ಗಾದಿಲಿಂಗ. “ಸೇತುವಿ ಆಗಲಿ, ಬ್ಯಾಡ ಅನ್ನಂಗಿಲ್ಲ. ಆದರ ಇಲ್ಲಿ ಬ್ಯಾಡ. ಕೆಳಗ ಎಲ್ಲೆರ ದೂರ ಆಗಲಿ. ಅಲ್ಲಿ ಬಂಡಿಗಲ್ಲು ಐತಿ ಅಂತ ಬರದುಬಿಡು. ನೀ ಬರದರ ಯಾರು ಕೇಳತಾರ?”

“ಅಲ್ಲಿ ಬಂಡಿಗಲ್ಲು ಇಲ್ಲ, ಮಾಮ” ಎಂದಳು ಹುಲಿಗೆಮ್ಮ. “ಐತಿ ಅಂತ ಬರದರ ಸೇತುವಿ ಏಳತೈತಿ. ದೊಡ್ಡ ಹೊಳಿ ಬಂದ ದಿನ ಕುಸೀತೈತಿ. ಆವಾಗ ಅದರ ಮ್ಯಾಲೆ ಯಾರಿರತಾರೋ.”

“ಹಂಗಾರ ಈ ಹೊಳಿಗಿ ಸೇತುವೀನ ಬ್ಯಾಡ ಅಂತ ಬರಿ.”

ತುಂಬಿದ ಹೊಳೆ ದಾಟಿ ಆಸ್ಪತ್ರೆಗೆ ಹೋಗಲಾಗದೆ ಸತ್ತವರು ಆ ಓಣಿಯ ಮನೆಮನೆಯಲ್ಲೂ ಇದ್ದರು. ಗಾದಿಲಿಂಗನ ಹೆಂಡತಿಯೂ ಅವರಲ್ಲಿ ಒಬ್ಬಳು. ಅದು ಇಬ್ಬರಿಗೂ ಗೊತ್ತಿತ್ತು. ಆ ಮಾತು ಎತ್ತಿದ್ದರೆ ಮಾವನ ಬಾಯಿ ಕಟ್ಟುತ್ತಿತ್ತು. ಹುಲಿಗೆಮ್ಮ ಎತ್ತಲಿಲ್ಲ. ಗೆಲ್ಲುವುದಕ್ಕೆಂದು ಸತ್ತ ಅತ್ತೆಯನ್ನು ನಡುವೆ ತರುವುದು ಅವಳಿಗೆ ಬೇಡವಾಗಿತ್ತು.

ಇದ್ದದ್ದನ್ನು ಇದ್ದ ಹಾಗೆ ಬರೆದು ವರದಿ ಕೊಟ್ಟಳು. ಸೇತುವೆ ಅಲ್ಲೇ ಎಂದು ಆಯಿತು.

ಮೇಲಧಿಕಾರಿ ಒಳ್ಳೆಯ ಮನುಷ್ಯ. ಅವಳನ್ನು ಕರೆಸಿ, “ಅದು ನಿಮ್ಮ ಊರು. ಅಲ್ಲಿದ್ದರೆ ನಿಮಗೆ ತೊಂದರೆ. ರಾಜಧಾನಿಯ ಕಚೇರಿಯಲ್ಲಿ ದೊಡ್ಡ ಜಾಗ ಖಾಲಿ ಇದೆ, ನಿಮ್ಮ ಹೆಸರು ಕಳಿಸುತ್ತೇನೆ. ಈ ಸೇತುವೆಯನ್ನು ಬೇರೆ ಯಾರಾದರೂ ಕಟ್ಟಿಸಲಿ” ಎಂದರು.

ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಬಹುಶಃ ಓಣಿಯವರೂ ಕಾಲಕ್ರಮದಲ್ಲಿ ಮರೆಯುತ್ತಿದ್ದರು. ಅವಳು ಒಂದು ದಿನ ಯೋಚಿಸಿದಳು. ಮಾರನೆಯ ದಿನ, “ಬರೆದವಳು ನಾನು. ಕಟ್ಟಿಸುವವಳೂ ನಾನೇ ಆಗುತ್ತೇನೆ. ಅಲ್ಲಿಗೇ ಹಾಕಿ” ಎಂದಳು.

ಇಲಾಖೆಯವರು ಆಚೆ ದಡದ ಊರಿನಲ್ಲಿ ಒಂದು ಮನೆ ಕೊಡುತ್ತೇವೆಂದರು. ಅದನ್ನೂ ಒಲ್ಲೆನೆಂದು ಅಪ್ಪನ ಮನೆಗೇ ಹಾಸಿಗೆ ಪೆಟ್ಟಿಗೆ ತಂದಳು.

ಓಣಿ ಅವಳ ಜೊತೆ ಮಾತು ಬಿಟ್ಟಿತು. ಗೋಡೆಯ ಮೇಲಿದ್ದ ಅವಳ ಫೋಟೊ ಇಳಿಯಿತು. ಅವಳು ನಳಕ್ಕೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದರು. ಜೊತೆಗೆ ಆಡಿ ಬೆಳೆದ ಗೆಳತಿಯರು ಬಾಗಿಲು ಮುಂದೆ ಮಾಡುತ್ತಿದ್ದರು. ಅವಳಿಗೆ ದುಃಖವಾಗುತ್ತಿತ್ತು. ಕೆಲವು ದಿನ ಅಡುಗೆಮನೆಯಲ್ಲಿ ಕೂತು ಅತ್ತದ್ದೂ ಉಂಟು. ಆದರೂ ಬೆಳಗಾದರೆ ಕೆಲಸಕ್ಕೆ ಹೋಗುವಳು, ಸಂಜೆ ಮನೆಗೇ ಬರುವಳು. ಓಣಿಯ ನಡುವೆ ಹಾದು ಬರುವಳು. ಸುತ್ತುದಾರಿ ಹಿಡಿದವಳಲ್ಲ.

ಕಂಬಗಳ ಕೆಲಸ ಹೊಳೆಯ ನಡುವೆ. ಅಲ್ಲಿಗೆ ಹೋಗಬೇಕಾದರೆ ಹರಿಗೋಲು ಬೇಕು. ಯಾರೂ ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಯಂಕೋಬ ಹತ್ತಿಸಿಕೊಂಡ. ತನ್ನ ಕಸುಬನ್ನು ಮುಗಿಸುವ ಕೆಲಸಕ್ಕೆ ಮಗಳನ್ನು ದಿನಾ ತಾನೇ ಹುಟ್ಟು ಹಾಕಿ ಮುಟ್ಟಿಸುತ್ತಿದ್ದ. ದಾರಿಯಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ.

ಒಂದು ದಿನ ಹುಲಿಗೆಮ್ಮ ತಡೆಯಲಾರದೆ ಎದ್ದು ನಿಂತು ಕೇಳಿದಳು. “ಅಪ್ಪಾ, ನಿನಗೂ ಸಿಟ್ಟು ಐತೇನು?”

“ಐತಿ” ಎಂದ ಯಂಕೋಬ. “ಕುಂದರು. ಹರಿಗೋಲು ವಾಲತೈತಿ.”

ಅವಳು ಕೂತಳು. ಅವನು ಹುಟ್ಟು ಹಾಕಿದ.

ಮೊದಲ ಕಂಬ ನೀರಿನಿಂದ ಮೇಲೆದ್ದ ದಿನ ಗಾದಿಲಿಂಗ ಅವಳ ಮನೆ ಬಾಗಿಲಿಗೆ ಬಂದ. ಅಷ್ಟು ತಿಂಗಳು ಒಳಗೆ ಇಟ್ಟುಕೊಂಡದ್ದನ್ನೆಲ್ಲ ಹೊರಗೆ ಹಾಕಿದ. ಓದಿಸಿದ್ದು ತಪ್ಪಾಯಿತು ಎಂದ. ಹೊತ್ತು ಆಡಿಸಿದ್ದು ತಪ್ಪಾಯಿತು ಎಂದ. ಹುಲಿಗೆಮ್ಮ ಒಂದು ತಂಬಿಗೆ ನೀರು ತಂದು ಮುಂದಿಟ್ಟು ಹೊಸ್ತಿಲ ಮೇಲೆ ಕೂತು ಕೇಳಿದಳು. ಬೈದು ಬೈದು ಅವನಿಗೆ ಬಾಯಾರಿತು. ನೀರು ಕುಡಿದ. ಆಮೇಲೆ ದನಿ ಇಳಿಸಿ, “ಹರಿಗೋಲು ಹೋದರ ಹೋಗಲಿ. ಹೊಳಿ ನಮ್ಮದಾಗಿತ್ತು. ಇನ್ನ ಈ ಹೊಳಿಯಾಗ ನಮ್ಮದು ಅನ್ನೂದು ಏನೈತಿ?” ಎಂದ.

ಬೈಗುಳದಲ್ಲಿ ಇದೊಂದು ಮಾತು ಅವಳ ಮನಸ್ಸಿನಲ್ಲಿ ಉಳಿಯಿತು. ಓಣಿಯ ಜನಕ್ಕೆ ಕೂಲಿ ಕೊಡಿಸಬೇಕು, ಯಾವುದಾದರೂ ಕೆಲಸಕ್ಕೆ ಸೇರಿಸಬೇಕು ಎಂದು ಅವಳು ಅಲ್ಲಿಯವರೆಗೆ ಯೋಚಿಸುತ್ತಿದ್ದಳು. ಕೂಲಿ ಅವರ ನೋವಿಗೆ ಮದ್ದಲ್ಲವೆಂದು ಈಗ ತಿಳಿಯಿತು.

ಆ ಹೊಳೆಯಲ್ಲಿ ಮೀನು ಬಹಳ. ಹಿಡಿಯುವ ಹಕ್ಕನ್ನು ವರ್ಷವರ್ಷವೂ ಪೇಟೆಯ ಗುತ್ತಿಗೆದಾರನೊಬ್ಬ ಹರಾಜಿನಲ್ಲಿ ಹಿಡಿಯುತ್ತಿದ್ದ. ದಡದ ಜನ ಅವನ ಕಣ್ಣು ತಪ್ಪಿಸಿ ಸಾರಿಗೆ ಬೇಕಾದಷ್ಟು ಹಿಡಿದುಕೊಳ್ಳಬೇಕಿತ್ತು. ದಡದವರೇ ಸಹಕಾರ ಸಂಘ ಕಟ್ಟಿಕೊಂಡು ಕೇಳಿದರೆ ಹಕ್ಕು ಮೊದಲು ಅವರಿಗೆ ಸಿಗಬಹುದೇನೋ ಎಂದು ಅವಳಿಗೆ ಅನಿಸಿತು. ಕಾಲೇಜಿನ ದಿನಗಳಿಂದ ಪರಿಚಯವಿದ್ದ ಗೆಳತಿಯೊಬ್ಬಳು ವಕೀಲೆಯಾಗಿದ್ದಳು. ಅವಳನ್ನು ಕೇಳಿದಳು. ದಾರಿಯುಂಟು ಎಂದಳು ಗೆಳತಿ. ರಜೆ ಸಿಕ್ಕಾಗೆಲ್ಲ ಇಬ್ಬರೂ ಕಚೇರಿಗಳ ಮೆಟ್ಟಿಲು ಹತ್ತಿದರು.

ಸಂಘಕ್ಕೆ ಜನ ಸೇರಬೇಕಲ್ಲ. ಹುಲಿಗೆಮ್ಮ ಹೇಳಿದರೆ ಯಾರು ಕೇಳುತ್ತಾರೆ? ಸಮುದಾಯ ಭವನದಲ್ಲಿ ಸಭೆ ಕರೆದರೆ ಬಂದವನು ಯಂಕೋಬ ಒಬ್ಬನೇ. ಅವನು ಹೆಬ್ಬೆಟ್ಟು ಒತ್ತಿ ಹೋದ. ಮುಂದಿನ ಸಭೆಗೆ ನಾಲ್ಕು ಜನ ಬಂದರು. ಗಾದಿಲಿಂಗ ಬಾಗಿಲ ಹೊರಗೆ ನಿಂತು ಅವಳನ್ನು ಬೈದ. ಅದರ ಮುಂದಿನ ಸಭೆಯಲ್ಲಿ ಒಳಗೆ ಬಂದು ನಿಂತು ಬೈದ. ಕೊನೆಗೆ ಜನವೆಲ್ಲ, “ಇಷ್ಟು ಬಾಯಿ ಇದ್ದಾಂವ ನೀನ ಅಧ್ಯಕ್ಷ ಆಗು. ಗುತ್ತಿಗೆದಾರನ ಮುಂದ ಹೋಗಿ ಹಿಂಗ ಬೈ” ಎಂದರು. ಅವನಿಗೆ ಇಲ್ಲವೆನ್ನಲು ಆಗಲಿಲ್ಲ. ಅವನು ಹೇಳಿದ ಮೇಲೆ ಓಣಿಯ ಮಿಕ್ಕವರೂ ಸೇರಿದರು.

ಸೇತುವೆಯೂ ಎದ್ದಿತು, ಸಂಘಕ್ಕೆ ಹೊಳೆಯ ಹಕ್ಕೂ ಬಂತು. ಎರಡಕ್ಕೂ ವರ್ಷಗಳು ಹಿಡಿದವು. ಎಲ್ಲರ ಬಾಳೂ ಒಂದೇ ಸಮ ಸುಧಾರಿಸಿತೆಂದು ನಾನು ಹೇಳುವುದಿಲ್ಲ. ಕೆಲವರು ಮೀನಿನ ಕೆಲಸ ಒಗ್ಗದೆ ಊರು ಬಿಟ್ಟು ಹೋದರು. ಹೋದವರಲ್ಲಿ ಕೆಲವರು ಹಿಂದಿರುಗಲಿಲ್ಲ. ಆದರೆ ಓಣಿ ಉಳಿಯಿತು. ಹೊಳೆಗೆ ಬಲೆ ಬೀಳುತ್ತಿತ್ತು, ಹರಿಗೋಲುಗಳಿಗೆ ಕೆಲಸವಿತ್ತು. ಮಳೆಗಾಲದಲ್ಲಿ ಬಸುರಿಯರು ಆಸ್ಪತ್ರೆಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದರು. ಓಣಿಯ ಹುಡುಗಿಯರು ನಡೆದು ಹೈಸ್ಕೂಲಿಗೆ ಹೋದರು. ಅವರಲ್ಲಿ ಒಬ್ಬಳು ನರ್ಸಿಂಗ್ ಮುಗಿಸಿದಳು, ಒಬ್ಬಳು ಬಿ.ಎಡ್. ಮಾಡಿ ಶಿಕ್ಷಕಿಯಾದಳು. ಓಣಿಯಲ್ಲಿ ಪದವಿ ಪಡೆದವರೆಂದರೆ ಹುಲಿಗೆಮ್ಮ ಒಬ್ಬಳೇ ಎನ್ನುವ ಹಾಗೆ ಉಳಿಯಲಿಲ್ಲ.

ಕಾಲೇಜು ಅವಳನ್ನು ಮತ್ತೊಮ್ಮೆ ಸನ್ಮಾನಕ್ಕೆ ಕರೆಯಿತು. ಈ ಸಲ ಓಣಿಗೆ ಓಣಿಯೇ ಹೊರಟಿತು. ಯಂಕೋಬ ಹೊಸ ರುಮಾಲು ಸುತ್ತಿದ್ದ. ಗಾದಿಲಿಂಗ ಎಲ್ಲರಿಗಿಂತ ಮುಂದೆ ನಡೆದು, ಹೋಗಿ ಮೊದಲ ಸಾಲಿನಲ್ಲೇ ಕೂತ. ಪಕ್ಕದಲ್ಲಿ ಯಾರೋ ದೊಡ್ಡ ಅಧಿಕಾರಿ ಕೂತಿದ್ದರು. ವೇದಿಕೆಯ ಮೇಲೆ ಹುಲಿಗೆಮ್ಮನಿಗೆ ಹಾರ ಹಾಕುವಾಗ ಅವರು, “ಯಾರು ಈ ಹೆಣ್ಣುಮಗಳು?” ಎಂದು ಕೇಳಿದರು.

“ಆಕಿ ಏನ್ರಿ?” ಎಂದ ಗಾದಿಲಿಂಗ. ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದ. “ನಮ್ಮ ಹೊಟ್ಟಿ ಮ್ಯಾಲೆ ಹೊಡದಾಕಿ. ನಮ್ಮ ಹುಡುಗಿ.”

ಹೇಳಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಯಂಕೋಬ ನಕ್ಕ. ಹುಲಿಗೆಮ್ಮನಿಗೆ ವೇದಿಕೆಯ ಮೇಲಿಂದಲೇ ಮಾವನ ಮಾತು ಕೇಳಿಸಿತ್ತು. ಅವಳಿಗೂ ನಗು ಬಂತು. ಶಾಲು ಹೊದಿಸುತ್ತಿದ್ದವರು ಏಕೆಂದು ತಿಳಿಯದೆ ತಾವೂ ನಕ್ಕರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಬಸಲಿಂಗನ ಮುಖ ಅರಳಿತ್ತು. ಕತೆ ಅವನಿಗೆ ಹಿಡಿಸಿತ್ತು. ಆದರೂ ಕೇಳಿದ ಪ್ರಶ್ನೆ ಹಾಗೇ ಉಳಿಯಿತೆಂದು ಅವನಿಗೆ ಅನಿಸಿತು.

“ಗುರುಗಳೇ, ಹಾಗಾದರೆ ಅವಳ ದೊಡ್ಡ ಸಾಧನೆ ಯಾವುದು? ಸೇತುವೆಯೋ, ಸಂಘವೋ? ಸಭೆಯಲ್ಲಿ ಅವಳನ್ನು ಪರಿಚಯಿಸಬೇಕಾದರೆ ನಾನು ಯಾವುದನ್ನು ಹೇಳಬೇಕು?”

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು:

“ಬಸಲಿಂಗ, ನಿಮ್ಮೂರಿನ ಜನ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಹತ್ತಿರದಲ್ಲಿ ನೀನೂ ಹುಲಿಗೆಮ್ಮನ ಹಾಗೆ ಇದ್ದೀಯಾ?”