ದೂತನ ಎಪ್ಪತ್ತು ಸಾಲು

ಬಹಳ ಹಿಂದೆ, ಯವನರ ನಾಡಿನ ಒಂದು ಕಡಲತಡಿಯಲ್ಲಿ ನಿಕಾನೋರ್ ಎಂಬ ನಾಟಕದ ಗುರುಗಳಿದ್ದರು. ನಾಟಕ ಕಟ್ಟುವುದು, ಶಿಷ್ಯರಿಗೆ ಕಲಿಸುವುದು, ಸಂಜೆಯಾದರೆ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವುದು, ಇಷ್ಟೇ ಅವರ ಬದುಕು.

ಅವರ ನಾಟಕಗಳಲ್ಲಿ ಎಷ್ಟೇ ಜನ ಸಾಯಲಿ, ಒಬ್ಬನೂ ಪ್ರೇಕ್ಷಕರ ಕಣ್ಣೆದುರು ಸಾಯುತ್ತಿರಲಿಲ್ಲ. ಆ ನಾಡಿನ ಪದ್ಧತಿಯೇ ಹಾಗೆ. ಸಾವು ಎಲ್ಲೋ ದೂರದಲ್ಲಿ ಆಗುತ್ತದೆ. ಒಬ್ಬ ದೂತ ಬಂದು ಅದನ್ನು ಬಾಯಿಮಾತಿನಲ್ಲಿ ಹೇಳುತ್ತಾನೆ.

ಆ ವರ್ಷ ದೂತನ ಪಾತ್ರ ಶಿಷ್ಯ ಕಲ್ಲಿಯಾಸನಿಗೆ ಸಿಕ್ಕಿತ್ತು. ಕಡಲಲ್ಲಿ ಮುಳುಗಿ ಮಗ ಸತ್ತ ಸುದ್ದಿಯನ್ನು ತಾಯಿಗೆ ಹೇಳಬೇಕು. ಒಟ್ಟು ಎಪ್ಪತ್ತು ಸಾಲು.

ಕಲ್ಲಿಯಾಸನದು ಬಂಗಾರದಂಥ ಕಂಠ. ಪಾಪ, ಅದು ಅವನಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಅವನು ಎಪ್ಪತ್ತು ಸಾಲನ್ನೂ ತಡವರಿಸದೆ ಹೇಳಿ ಮುಗಿಸಿದ. ಅಲೆ ಏಳುವ ಕಡೆ ದನಿ ಎದ್ದಿತು, ಮಗ ಮುಳುಗುವ ಕಡೆ ದನಿ ಮುಳುಗಿತು. ಗುರುಗಳಿಗೆ ದಿನವೂ ಆಡಿನ ಹಾಲು ತಂದುಕೊಡುವ ಮೆಲಿಟ್ಟಾ ಎಂಬ ವಿಧವೆ ಚೊಂಬು ಹಿಡಿದು ನಿಂತೇ ಕೇಳಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಎಷ್ಟು ಚೆನ್ನಾಗಿ ಅಳಿಸ್ತೀಯಪ್ಪಾ ನೀನು," ಅಂದಳು. "ನನ್ನ ಮಗ ದೋಣಿಯಿಂದ ಬರಲಿ, ಅವನನ್ನೂ ಕರ್ಕೊಂಡು ಬರ್ತೀನಿ."

ಅವಳು ಹೋದ ಮೇಲೆ ಕಲ್ಲಿಯಾಸ ಗುರುಗಳ ಕಡೆ ತಿರುಗಿದ.

"ನೋಡಿದ್ರಾ ಗುರುಗಳೇ? ಅವಳು ಅತ್ತಳು. ನೀವು ಮಾತ್ರ ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ."

"ಚೆನ್ನಾಗಿದೆ."

"ಮತ್ತೆ ಯಾಕೆ ಹಾಗೆ ಮುಖ ಮಾಡ್ಕೊಂಡಿದ್ದೀರಿ?"

ಗುರುಗಳು ಹಾಲಿನ ಚೊಂಬನ್ನು ನೆರಳಿಗೆ ಸರಿಸಿ ಇಟ್ಟರು.

"ನಿನ್ನ ದೂತನಿಗೆ ಈ ಸುದ್ದಿ ಹೇಳೋದಕ್ಕೆ ಬಹಳ ಇಷ್ಟ ಇದ್ದ ಹಾಗಿದೆ."

ಕಲ್ಲಿಯಾಸನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಸಿಟ್ಟು ಬಂತು. ದೂತನ ಕೆಲಸ ಹೇಳುವುದು ತಾನೇ? ಇಷ್ಟವಿಲ್ಲದೆ ಹೇಳಿದರೆ ಯಾರು ಕೇಳುತ್ತಾರೆ? ಎರಡು ದಿನ ಗುರುಗಳ ಜೊತೆ ಸರಿಯಾಗಿ ಮಾತನಾಡಲಿಲ್ಲ. ಗುರುಗಳೂ ಸಮಾಧಾನ ಮಾಡಲು ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಒಬ್ಬ ದೋಣಿಯ ಯಜಮಾನ ಗುರುಗಳ ಅಂಗಳಕ್ಕೆ ಬಂದ. ಅವನದು ಕಡಲ ತಳದಿಂದ ಸ್ಪಂಜು ಕಿತ್ತು ತರುವವರ ದೋಣಿ. ಮೈಯೆಲ್ಲ ಉಪ್ಪು ಹತ್ತಿತ್ತು. ಬಂದವನು ಕೂರಲೂ ಇಲ್ಲ.

"ಮೆಲಿಟ್ಟಾಳ ಮಗ ಹೋಗಿಬಿಟ್ಟ," ಅಂದ. "ಮುಳುಗಿದಾಗ ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಂಡೆಗೆ ಸಿಕ್ಕಿಹಾಕ್ಕೊಳ್ತು. ಮೇಲಕ್ಕೆಳೆಯೋದು ತಡವಾಯ್ತು. ಗುಡ್ಡದ ಮೇಲೆ ಅವಳ ಮನೆ ತನಕ ಎರಡು ಸಲ ಹೋಗಿ ವಾಪಸ್ಸು ಬಂದೆ, ಗುರುಗಳೇ. ನನ್ನ ಕೈಲಾಗಲ್ಲ. ಇಂಥದ್ದನ್ನ ಹೇಗೆ ಹೇಳ್ಬೇಕು ಅನ್ನೋದು ನಿಮಗೆ ಗೊತ್ತು."

ಗುರುಗಳು ಊರುಗೋಲಿಗೆ ಕೈ ಚಾಚಿದರು. ಅಷ್ಟರಲ್ಲಿ ಕಲ್ಲಿಯಾಸ ಎದ್ದು ನಿಂತಿದ್ದ.

"ನಾನು ಹೇಳ್ತೀನಿ. ಗುಡ್ಡ ಹತ್ತೋದು ನಿಮ್ಮಿಂದಾಗಲ್ಲ. ನನಗೆ ಇದು ಬರುತ್ತೆ ಗುರುಗಳೇ."

ಗುರುಗಳು ಅವನ ಮುಖ ನೋಡಿದರು.

"ಹೋಗು. ನಾನು ನಿಧಾನವಾಗಿ ಹಿಂದೆ ಬರ್ತೀನಿ."

ಗುಡ್ಡ ಹತ್ತುವಾಗ ಕಲ್ಲಿಯಾಸ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಆದರೆ ದುಃಖದ ಪಕ್ಕದಲ್ಲೇ, ಈ ಕೆಲಸ ತನಗಿಂತ ಚೆನ್ನಾಗಿ ಯಾರೂ ಮಾಡಲಾರರು ಎಂಬ ಸಣ್ಣದೊಂದು ಹೆಮ್ಮೆಯೂ ಕಾಲು ಚಾಚಿ ಕೂತಿತ್ತು.

ಮೆಲಿಟ್ಟಾ ಹೊಸ್ತಿಲ ಬಳಿ ಉಣ್ಣೆ ನೂಲುತ್ತಿದ್ದಳು. ಅವನನ್ನು ಕಂಡು ನಕ್ಕಳು.

ಆ ನಗು ನೋಡಿದ್ದೇ ತಡ, ಜೋಡಿಸಿಕೊಂಡ ಮಾತೆಲ್ಲ ಚೆಲ್ಲಿಹೋಯಿತು. ಏನಾದರೂ ಹೇಳಲೇಬೇಕಲ್ಲ. ತಿಂಗಳಿಂದ ನಾಲಿಗೆಗೆ ರೂಢಿಯಾಗಿದ್ದ ಸಾಲು ತಾನಾಗಿ ಹೊರಗೆ ಬಂತು.

"ಉಪ್ಪುನೀರಿನ ದಾರಿಯಲ್ಲಿ ಬಂದೆ ತಾಯೇ, ಹೊರಲಾರದ ಮಾತನ್ನು ಹೊತ್ತು ಬಂದೆ..."

ಮೆಲಿಟ್ಟಾಳ ಮುಖ ಅರಳಿತು. ಕದಿರನ್ನು ಮಡಿಲಿಗೆ ಹಾಕಿಕೊಂಡು, ಬೆನ್ನನ್ನು ಬಾಗಿಲಿಗೆ ಆನಿಸಿ, ಆರಾಮವಾಗಿ ಕೂತಳು.

"ಇವತ್ತು ಮನೆ ಬಾಗಿಲಿಗೇ ನಾಟಕ ಬಂತಾ? ಹೇಳಪ್ಪಾ, ಹೇಳು. ಮೊನ್ನೆ ಹಾಲು ಕೆಡುತ್ತೆ ಅಂತ ಅವಸರದಲ್ಲಿ ಕೇಳಿದ್ದೆ."

ಅವಳು ಕಾಯುತ್ತಿದ್ದಳು. ಅಳುವುದಕ್ಕೂ ಆಗಲೇ ಸೆರಗಿನ ತುದಿ ಹಿಡಿದುಕೊಂಡಿದ್ದಳು.

ಕಲ್ಲಿಯಾಸ ಅವಳ ಎದುರಿಗೆ ನೆಲದ ಮೇಲೇ ಕೂತುಬಿಟ್ಟ. ಇಷ್ಟು ಹತ್ತಿರದಿಂದ ಅವಳ ಮುಖವನ್ನು ಅವನು ಎಂದೂ ನೋಡಿರಲಿಲ್ಲ. ಎಡಗಣ್ಣಿನ ಕೆಳಗೆ ಒಂದು ಮಚ್ಚೆಯಿತ್ತು.

"ಅಮ್ಮಾ," ಅಂದ. "ಇದು ನಾಟಕ ಅಲ್ಲ."

ಬಂಗಾರದ ಕಂಠ ಎಲ್ಲಿ ಹೋಯಿತೋ. ಮಾತು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

ಅವಳು ಅಳಲಿಲ್ಲ. ಸೆರಗಿನ ತುದಿ ಕೈಯಲ್ಲೇ ಇತ್ತು, ಅದನ್ನು ಮರೆತಿದ್ದಳು. ಕೇಳಿದಳು.

"ಅವತ್ತು ಅವನು ಊಟ ಮಾಡಿದ್ದನಾ?"

ಎಪ್ಪತ್ತು ಸಾಲಿನಲ್ಲಿ ಅಲೆಗಳಿದ್ದವು, ಗಾಳಿಯಿತ್ತು, ದೇವತೆಗಳಿದ್ದರು. ಸತ್ತವನು ಊಟ ಮಾಡಿದ್ದನೋ ಇಲ್ಲವೋ ಎಂಬುದು ಎಲ್ಲೂ ಇರಲಿಲ್ಲ.

"ಗೊತ್ತಿಲ್ಲಮ್ಮಾ."

"ಯಾರ ಕೈಯಲ್ಲಿ ಪ್ರಾಣ ಬಿಟ್ಟ?"

"ಕೇಳಲಿಲ್ಲ."

"ಏನಾದರೂ ಅಂದನಾ?"

ಕಲ್ಲಿಯಾಸ ಎದ್ದ. "ಕೇಳ್ಕೊಂಡು ಬರ್ತೀನಿ ಅಮ್ಮಾ. ಈಗಲೇ ಬಂದೆ."

ಗುಡ್ಡ ಇಳಿದು ಓಡಿದ. ಅರ್ಧ ದಾರಿಯಲ್ಲಿ ಗುರುಗಳು ಊರುಗೋಲು ಊರಿಕೊಂಡು ಹತ್ತುತ್ತಿದ್ದರು. ಅವರ ಪಕ್ಕದಲ್ಲೇ ಓಡಿಹೋದ, ನಿಲ್ಲಲಿಲ್ಲ. ಅವರೂ ಕೂಗಿ ನಿಲ್ಲಿಸಲಿಲ್ಲ.

ಬಂದರಿನಲ್ಲಿ ದೋಣಿಯ ಯಜಮಾನನ ಎದುರು ಕೂತು ಒಂದೊಂದನ್ನೇ ಕೇಳಿದ. ಯಜಮಾನನಿಗೆ ಗೊತ್ತಿಲ್ಲದ್ದನ್ನು ದೋಣಿಗೆ ಹುಟ್ಟು ಹಾಕುವವರ ಹತ್ತಿರ ಕೇಳಿದ. ಅವರಿಗೂ ಗೊತ್ತಿಲ್ಲದ್ದನ್ನು ಬಲೆ ಹೊಲಿಯುತ್ತಿದ್ದ ಅದೇ ದೋಣಿಯ ಒಬ್ಬ ಮುದುಕನ ಹತ್ತಿರ ಕೇಳಿದ. ಮುದುಕ ಹೇಳುತ್ತಾ ಹೇಳುತ್ತಾ ಸುಮ್ಮನಾಗಿಬಿಟ್ಟ. ಕಲ್ಲಿಯಾಸ ಅವನು ಮತ್ತೆ ಶುರುಮಾಡುವ ತನಕ ಕಾದ.

ಮತ್ತೆ ಗುಡ್ಡ ಹತ್ತುವಾಗ ಒಂದು ಯೋಚನೆ ಬಂತು. ನಾಟಕದ ಮಗ ಸಾಯುವಾಗ ತಾಯಿಯನ್ನು ನೆನೆದು ಎರಡು ಸುಂದರ ಸಾಲು ಹೇಳುತ್ತಾನೆ. ಅದನ್ನೇ ಹೇಳಿಬಿಟ್ಟರೆ ಈ ತಾಯಿಗೂ ಸಮಾಧಾನವಾದೀತು. ಯಾರಿಗೆ ಗೊತ್ತಾಗುತ್ತದೆ?

ಹೊಸ್ತಿಲಲ್ಲಿ ಅವಳು ಹಾಗೇ ಕೂತಿದ್ದಳು. ಗುರುಗಳು ಸ್ವಲ್ಪ ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಕಲ್ಲಿಯಾಸ ಅವಳ ಎದುರಿಗೆ ಕೂತ. ಅವಳು ಮುಖವೆತ್ತಿ ಅವನನ್ನೇ ನೋಡಿದಳು. ಆ ಮುಖದ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

"ಊಟ ಮಾಡಿದ್ದನಂತೆ ಅಮ್ಮಾ. ರೊಟ್ಟಿ, ಎರಡು ಅಂಜೂರ. ಪಕ್ಕದವನ ಪಾಲಿನ ಆಲಿವ್ ಕಾಯಿಯನ್ನೂ ಕಸ್ಕೊಂಡು ತಿಂದನಂತೆ."

ಅವಳು ತಲೆಯಾಡಿಸಿದಳು. ಮಗ ಹಾಗೆ ಮಾಡುವವನೇ ಅನ್ನುವ ಹಾಗೆ.

"ಮೇಲೆ ಎಳೆದಾಗ ಇನ್ನೂ ಉಸಿರಿತ್ತಂತೆ. ಒಬ್ಬ ಮುದುಕ ತೊಡೆ ಮೇಲೆ ಮಲಗಿಸ್ಕೊಂಡಿದ್ದ. ಲಾಮೋನ್ ಅಂತ ಅವನ ಹೆಸರು. ಕೊನೆಗೆ ಕಣ್ಣು ಮುಚ್ಚಿಸಿದ್ದೂ ಅವನೇ. ಒಂದು ದ್ವೀಪದಲ್ಲಿ ಮೈ ತೊಳೆದು, ಎಣ್ಣೆ ಹಚ್ಚಿ ಮಣ್ಣು ಮಾಡಿದ್ರಂತೆ."

"ಏನಾದರೂ ಅಂದನಾ?"

"ಚಳಿ ಅಂದನಂತೆ ಅಮ್ಮಾ. ಅಷ್ಟೇ ಅಂದಿದ್ದು. ಮುದುಕ ತನ್ನ ಕಂಬಳಿ ಹೊದಿಸಿದನಂತೆ."

"ಹುಟ್ಟಿದಾಗಿನಿಂದ ಅವನಿಗೆ ಚಳಿ ಜಾಸ್ತಿ," ಅಂದಳು ಮೆಲಿಟ್ಟಾ.

ಆಮೇಲೆ ಅತ್ತಳು. ಮೊನ್ನೆ ನಾಟಕ ಕೇಳಿ ಅತ್ತ ಹಾಗಲ್ಲ. ಕಲ್ಲಿಯಾಸನ ಎರಡು ಕೈಗಳನ್ನೂ ಹಿಡಿದುಕೊಂಡು ಅತ್ತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ತಾನೂ ಅಳುತ್ತಿದ್ದೇನೆ ಎಂಬುದು ಕೂಡ ತಡವಾಗಿ ತಿಳಿಯಿತು.

ಅಳು ಇಳಿದ ಮೇಲೆ ಅವಳು ಇನ್ನೊಮ್ಮೆ ಹೇಳು ಅಂದಳು. ಅವನು ಹೇಳಿದ. ಮತ್ತೊಮ್ಮೆ ಅಂದಳು. ರೊಟ್ಟಿ, ಅಂಜೂರ, ಮುದುಕನ ತೊಡೆ, ಕಂಬಳಿ. ಅದೇ ಮಾತು, ಅಷ್ಟೇ ಮಾತು. ಮೂರನೆಯ ಸಲ ಹೇಳಿ ಮುಗಿಸುವಾಗ ಬಿಸಿಲು ಗುಡ್ಡದ ಆಚೆ ಇಳಿದಿತ್ತು. ಅವಳು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು ಕೂತಳು.

ಕಲ್ಲಿಯಾಸ ಮೆಲ್ಲಗೆ ಎದ್ದು ಗುರುಗಳ ಹತ್ತಿರ ಬಂದ. ಸೋತುಹೋಗಿದ್ದ.

"ಎಲ್ಲಾ ಹೇಳಿಯಾಯ್ತು ಗುರುಗಳೇ. ಇನ್ನೇನೂ ಉಳಿದಿಲ್ಲ. ಈಗ ನಾನೇನು ಮಾಡಲಿ?"

"ನಾಟಕದಲ್ಲಾದ್ರೆ ಇಲ್ಲಿಗೆ ದೂತ ಹೊರಟುಹೋಗ್ತಾನೆ," ಅಂದರು ಗುರುಗಳು. "ನೀನು ಒಳಗೆ ಹೋಗಿ ಅವಳ ಒಲೆ ಹಚ್ಚು."