ನಾಯಕನ ಬಾಯಿಗೆ ಬಿದ್ದ ಹುರಿಹಿಟ್ಟು

ನೆರಳಿಗೆ ಸರಿದು ಕೂತ್ಕೊಳ್ಳಿ ಮಕ್ಕಳೇ, ಈ ಕಥೆಯಲ್ಲಿ ಬಿಸಿಲು ಬಹಳ. ಒಂದು ರಾಜ್ಯದಲ್ಲಿ ಬೆಟ್ಟದ ಮೇಲೆ ಕೋಟೆ ಕಟ್ಟುತ್ತಿದ್ದರು. ಬೋರಣ್ಣ ಅಲ್ಲಿ ಕಲ್ಲು ಹೊರುತ್ತಿದ್ದ. ಅವನ ಹೆಂಡತಿ ಕೆಂಚವ್ವ ಹೊಂಗೆಮರದ ಕೆಳಗೆ ಅರವಟ್ಟಿಗೆ ಇಟ್ಟಿದ್ದಳು. ಬಂದವರಿಗೆಲ್ಲ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಕುಡಿದವರು ಅವಳಿಗೆ ಕೈಮುಗಿದು ಹೋಗುತ್ತಿದ್ದರು.

ಕೆಲಸ ಮಾಡಿಸುವ ದುಗ್ಗನಾಯಕನಿಗೆ ಇದು ಹಿಡಿಸಲಿಲ್ಲ. ತಾನು ಮಾತ್ರ ಕೊಡೆಯ ಕೆಳಗೆ ನಿಂತು ಗಳಿಗೆಗೊಮ್ಮೆ ಮಜ್ಜಿಗೆ ಕುಡಿಯೋನು!

"ನೀರು ಅನ್ನೋದು ಮೈಗಳ್ಳರ ನೆಪ. ಹೊತ್ತು ಮುಳುಗೋ ತನಕ ಯಾರೂ ಕುಡೀಕೂಡದು!" ಅಂತ ಡಂಗುರ ಹೊಡೆಸಿದ.

ಮೊದಲ ದಿನ ಚೊಂಬು ಕಿತ್ತುಕೊಂಡ. ಕೆಂಚವ್ವ ಬೊಗಸೆಗೆ ಹೊಯ್ದಳು. ಮರುದಿನ ಗಡಿಗೆ ಒಡೆದ. ಸೋರೆಬುರುಡೆಯಲ್ಲಿ ತಂದಳು. ಮೂರನೆಯ ದಿನ ಅದನ್ನೂ ತುಳಿದ. ಅವತ್ತು ಬೋರಣ್ಣ ತಲೆ ತಿರುಗಿ ಬಿದ್ದೇಬಿಟ್ಟ. ಕೆಂಚವ್ವ ಕೆರೆಗೆ ಓಡಿ, ಸೆರಗು ನೆನೆಸಿ ತಂದು ತುಟಿಗೆ ಹಿಂಡಿದಳು. ಜೀವ ಉಳಿಯಿತು. ಆದರೆ ನಾಳೆಯ ಬಿಸಿಲಿಗೆ ಉಳಿಯುತ್ತಾನಾ?

ಮರುದಿನ ಕೆಲಸ ನೋಡಲು ದೊರೆ ಬಂದ. ದೊರೆ ಬಂದರೆ ಹುರಿಹಿಟ್ಟು ಹಂಚುವುದು ಅಲ್ಲಿನ ವಾಡಿಕೆ. ಕೊಟ್ಟಿದ್ದನ್ನು ತಿನ್ನದಿದ್ದರೆ ದೊರೆಗೇ ಅವಮಾನ. ಅವತ್ತು ಹಂಚುವ ಸರದಿ ಕೆಂಚವ್ವನದು. ಅವಳು ನಾಯಕನ ಮಜ್ಜಿಗೆಯನ್ನೆಲ್ಲ ತಂದು ದೊರೆಯ ಹಿಟ್ಟಿಗೆ ಕಲಸಿದಳು. ನಾಯಕನಿಗೆ ಕೊಟ್ಟಿದ್ದು ಬರೀ ಒಣಹಿಟ್ಟು, ಅದೂ ಬೊಗಸೆ ತುಂಬ. ಅವನು ಬಾಯಿ ತುಂಬಿಕೊಂಡದ್ದೇ ತಡ, ಕೈಮುಗಿದು ನಿಂತಳು.

"ಬುದ್ಧೀ, ನಾಯಕರು ನೀರಿಗೆ ಒಂದು ಕಟ್ಟಳೆ ಮಾಡವ್ರೆ. ಅವರ ಬಾಯಿಂದಲೇ ಕೇಳಿ."

"ಏನಯ್ಯಾ ಅದು?" ಅಂದ ದೊರೆ.

ನಾಯಕ "ಉಫ್" ಅಂದ. ಹಿಟ್ಟು ಹಾರಿತು. ದೊರೆ ಮತ್ತೆ ಕೇಳಿದ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮೂರನೆಯ ಸಲ ಕೇಳಿದಾಗ ನಾಯಕ ಕಣ್ಣು ಮೇಲೆ ಮಾಡಿ, ನೀರು ನೀರು ಅಂತ ಕೈಸನ್ನೆ ಮಾಡಿದ. ಒಬ್ಬರೂ ಅಲ್ಲಾಡಲಿಲ್ಲ.

"ಹೊತ್ತು ಇನ್ನೂ ಮುಳುಗಿಲ್ವಲ್ಲ ನಾಯಕರೇ," ಅಂದ ಬೋರಣ್ಣ.

ದೊರೆಗೆ ಎಲ್ಲ ಅರ್ಥವಾಯಿತು. ಆದರೆ ನಾಯಕನ ಪಾಡು ನೋಡಿ ಕೆಂಚವ್ವನಿಗೆ ತಡೆಯಲಾಗಲಿಲ್ಲ. ಓಡಿ ಬಂದು ಅವನ ಬೊಗಸೆಗೆ ತಣ್ಣೀರು ಹೊಯ್ದಳು. ನಾಯಕ ಗಟಗಟ ಕುಡಿದು, "ಬದುಕಿಸಿದೆ ತಾಯಿ!" ಅಂತ ಅತ್ತುಬಿಟ್ಟ. ಅಂದಿನಿಂದ ದೊರೆಯ ಅಪ್ಪಣೆಯಂತೆ ಕೋಟೆ ಮುಗಿಯುವ ತನಕ ಎಲ್ಲರಿಗೂ ನೀರು ಹೊತ್ತು ಕೊಡುವ ಕೆಲಸ ಅವನಿಗೇ ಬಿತ್ತು. ಬೋರಣ್ಣ ಪ್ರತಿ ಸಲ ಕುಡಿದಾಗಲೂ ಜೀವ ಉಳಿಸಿದ ಹೆಂಡತಿಯನ್ನು ನೆನೆದ.

ನೀತಿ ಇಷ್ಟೇ ಮಕ್ಕಳೇ. ಬೇಸಿಗೆಯಲ್ಲಿ ಬಾಯಾರುವ ತನಕ ಕಾಯಬೇಡಿ, ಆಗಾಗ ನೀರು ಕುಡಿಯಿರಿ. ದುಡಿಯುವವರಿಗೆ ನೀರು ತಪ್ಪಿಸಬೇಡಿ. ಕೊಟ್ಟ ಕೈಯನ್ನು ಮರೆಯಬೇಡಿ. ಹೇಳಿ ಹೇಳಿ ನನ್ನ ಗಂಟಲೂ ಒಣಗಿತು, ಯಾರಾದರೂ ಒಂದು ಲೋಟ ನೀರು ತನ್ನಿ, ನಿಮಗೆ ಪುಣ್ಯ ಬರುತ್ತೆ.